ನೀರಿನಲ್ಲಿ ತೊಳೆಯಬಹುದಾದ ಪುಸ್ತಕ

ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ತೂಕ ಹಾಕಿ ಮುಗಿಸಿರುತ್ತೇನೆ. ಸತ್ಯಭಾಮಾಬಾಯಿಯವರನ್ನು ತೂಗಲು ಅಷ್ಟು ಹೊತ್ತೂ ಬೇಕಾಗಲಿಲ್ಲ. ಕಾಲಲ್ಲಿ ಅಟ್ಟೆ ಬದಲಿಸಿದ ಹಳೆಯ ಚಪ್ಪಲಿ. ಖರ್ಚು ಮಾಡುವ ಪೈಕಿ ಅಲ್ಲ. ಹೆಗಲಲ್ಲಿ ಸೀರೆ ಅಂಗಡಿಯವರು ಪುಕ್ಕಟೆ ಕೊಟ್ಟ ಕೈಚೀಲ, ಅದರ ಹಿಡಿಕೆಗೆ ಬೇರೆ ಸೀರೆಯ ಅಂಚಿನ ತೇಪೆ. ಪುಕ್ಕಟೆ ಬಂದದ್ದನ್ನು ಸಾಯಲು ಬಿಡುವವರೂ ಅಲ್ಲ. ಕೈಯಲ್ಲಿ ಮನೆಯಿಂದ ತಂದ ನೀರಿನ ಬಾಟಲಿ ಇತ್ತು. ಅಂದರೆ ನಾನು ಕೊಡುವ ನೀರು ಕುಡಿದು ಮುಲಾಜಿಗೆ ಬೀಳುವ ಮಾತೂ ಇಲ್ಲ. ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ ಆದವರು ಹಾಕುವ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿಂದ ನನ್ನನ್ನೇ ತೂಗುತ್ತಿದ್ದರು. ಇಂಥವರು ಕೊಳ್ಳುವುದಿಲ್ಲ. ಕೊಂಡರೆ ವಾಪಸ್ಸು ತರುತ್ತಾರೆ. ವಾಪಸ್ಸು ತಂದಾಗ ತಪ್ಪು ನಮ್ಮದೇ ಆಗಿರುತ್ತದೆ.

"ಏನಪಾ, ಪುಸ್ತಕ ಓದೋ ಯಂತ್ರ ಅದನೇನು?"

"ಅದ ರೀ ಬಾಯಾರ. ಬರ್ರಿ, ಕುಂದರ್ರಿ."

"ಕುಂದ್ರಲಿಕ್ಕೆ ಬಂದಿಲ್ಲ. ನಮ್ಮ ಪುಸ್ತಕ ನಾವು ಅದರಾಗ ಹಾಕ್ಕೊಳ್ಳಿಕ್ಕೆ ಬರ್ತದೋ, ಇಲ್ಲಾ ಅವರು ಮಾರಿದ್ದನ್ನಷ್ಟ ಓದಬೇಕೋ? ಅದನ್ನ ಮೊದಲು ಹೇಳು."

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನ ಅಂಗಡಿ. ಫೋನು, ಟಿವಿ, ಇನ್ವರ್ಟರ್ ಮಾರುತ್ತೇನೆ. ಕಾಗದದಂತೆ ಕಾಣುವ ಪರದೆಯ, ಪುಸ್ತಕ ಓದುವುದಕ್ಕಷ್ಟೇ ಇರುವ ಇ-ರೀಡರುಗಳನ್ನು ಹೈದರಾಬಾದಿನ ಏಜೆಂಟ್ ನನ್ನ ತಲೆಗೆ ಕಟ್ಟಿದ್ದ. ಇಲ್ಲಿ ಅದನ್ನು ಮಾರುವುದೆಂದರೆ ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಮಾರಿದಂತೆ. ಕೇಳಿದ ಒಬ್ಬಿಬ್ಬರೂ ಅದರಲ್ಲಿ ರೀಲ್ಸ್ ಬರುತ್ತದೋ ಎಂದು ಕೇಳಿ ಹೋಗಿದ್ದರು. ಈ ಹೆಂಗಸು ಮಾತ್ರ ನೇರ ಬುಡಕ್ಕೇ ಕೈ ಹಾಕಿದ್ದರು. ಸರಿಯಾದ ಪ್ರಶ್ನೆ ಕೇಳುವ ಗಿರಾಕಿ ಯಾವ ಅಂಗಡಿಗೂ ಶುಭವಲ್ಲ.

ಜೊತೆಗೆ ಬಂದಿದ್ದವಳು ಅವರ ಅಣ್ಣನ ಮಗಳು ವೇದಶ್ರೀ. ದೇವದುರ್ಗದಲ್ಲಿ ಬ್ಯಾಂಕಿನ ನೌಕರಿ. ಅತ್ತೆಗಾಗಿ ರಜೆ ಹಾಕಿ ಬಂದು, ಅತ್ತೆಯ ಹಿಂದೆ ನಿಂತು ನನಗೆ ಕ್ಷಮೆ ಕೇಳುವ ಮುಖ ಮಾಡುತ್ತಿದ್ದಳು. ವಿಷಯವನ್ನು ಬಿಡಿಸಿ ಹೇಳಿದವಳು ಅವಳೇ.

ಸತ್ಯಭಾಮಾಬಾಯಿ ದೇವದುರ್ಗ ತಾಲೂಕಿನ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಮಾನ್ವಿಯಲ್ಲಿದ್ದರು. ಅವರ ಮನೆಯ ದೇವರ ಕೋಣೆಯ ಮುಂದಿನ ಪಡಸಾಲೆಯಲ್ಲಿ ಪ್ರತಿ ವರ್ಷ ಚಾತುರ್ಮಾಸದ ನಾಲ್ಕು ತಿಂಗಳು ಪುರಾಣ ಓದುವುದು ರೂಢಿ. ಓಣಿಯ ಹೆಂಗಸರು ಕೂಡುತ್ತಾರೆ, ಬಾಯಿಯವರು ಮಡಿಯಲ್ಲಿ ಕೂತು ಓದುತ್ತಾರೆ. ಈಗ ಆ ಹಳೆಯ ಸಂಪುಟಗಳ ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ವೇದಶ್ರೀ ಒಂದೊಂದು ಪುಟದ ಫೋಟೋ ತೆಗೆದು ಪೆನ್‌ಡ್ರೈವಿಗೆ ಹಾಕಿದ್ದಳು. ಫೋನಿನಲ್ಲಿ ಓದೋಣವೆಂದರೆ ಆಪರೇಷನ್ ಆದ ಕಣ್ಣು ಆ ಬೆಳಕಿಗೆ ನೀರು ಸುರಿಸುತ್ತಿತ್ತು. ಅತ್ತ, ಅದೇ ಮನೆಯ ಇನ್ನೊಂದು ಭಾಗದಲ್ಲಿದ್ದ ನೆಗೆಣ್ಣಿ ಮಾಧವಿಬಾಯಿ, "ವೈನಿಗೆ ಕಣ್ಣು ಕಾಣಸಂಗಿಲ್ಲ, ಈ ವರ್ಷ ಓದು ನಾ ಮಾಡ್ತೀನಿ" ಎಂದು ಓಣಿಯಲ್ಲೆಲ್ಲ ಅರಿಶಿನ ಕುಂಕುಮ ಹಂಚಿದಂತೆ ಹಂಚಿ ಬಂದಿದ್ದಳು.

"ಆಕಿ ಓದಿದ್ರ ಕೇಳಿದವ್ರು ಪುಣ್ಯಾ ಕಳಕೋತಾರ," ಎಂದರು ಬಾಯಿಯವರು. "ಉಸಿರು ಎಲ್ಲಿ ಬಿಡಬೇಕು ಗೊತ್ತಿಲ್ಲ. ರಾಜ ಸತ್ತ ಅಂತ ಹೇಳಿ, ಮುಂದಿನ ಸಾಲಿಗೆ ಆಕಳಿಸ್ತಾಳ."

ಅಂದರೆ ಇಷ್ಟೇ: ಯಂತ್ರ ಸಿಕ್ಕರೆ ಓದುವ ಮಣೆ ಇವರದು, ಸಿಗದಿದ್ದರೆ ಮಾಧವಿಬಾಯಿಯದು. ಇದನ್ನು ಭಕ್ತಿ ಎನ್ನುವವರು ಎನ್ನಲಿ. ನಮ್ಮ ಬಜಾರಿನಲ್ಲಿ ಇದಕ್ಕೆ ಪೈಪೋಟಿ ಎನ್ನುತ್ತಾರೆ.

ಒಂದೊಂದೇ ಯಂತ್ರ ತೆಗೆದು ಇಟ್ಟೆ. ಮೊದಲನೆಯದು ನಮ್ಮ ಪುಸ್ತಕವನ್ನು ಒಳಗೆ ಬಿಟ್ಟುಕೊಳ್ಳಬೇಕಾದರೆ ಕಂಪನಿಯಲ್ಲಿ ಖಾತೆ ತೆರೆದು ಇ-ಮೇಲ್ ಕಳಿಸಬೇಕಿತ್ತು. "ನನ್ನ ಪುಸ್ತಕ ನನ್ನ ಮನಿಗೆ ಬರಲಿಕ್ಕೆ ಅವನ ಅಪ್ಪಣಿ ಯಾಕಪಾ?" ಎಂದು ಅದನ್ನು ಒಂದು ಬೆರಳಿನಿಂದ ಆಚೆ ತಳ್ಳಿದರು. ಎರಡನೆಯದು ಪೆನ್‌ಡ್ರೈವಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಕೇಬಲ್ ಮೂಲಕ ಎಲ್ಲವನ್ನೂ ನುಂಗಿತು. ವೇದಶ್ರೀ ಟೈಪು ಮಾಡಿದ್ದ ಒಂದು ಹಾಡಿನ ಪುಸ್ತಕ ತೆರೆದರೆ ಒತ್ತಕ್ಷರಗಳೆಲ್ಲ ಅಕ್ಷರದ ಕೆಳಗಿಂದ ಜಾರಿ, ಬಸ್ಸಿನಿಂದ ಇಳಿದು ದಿಕ್ಕು ತಪ್ಪಿದವರ ಹಾಗೆ ಪಕ್ಕದಲ್ಲಿ ನಿಂತಿದ್ದವು. ಜಗತ್ತಿನ ಎಲ್ಲ ಪುಸ್ತಕ ಅಂಗೈಯಲ್ಲಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮ ಜಿಲ್ಲೆ ಅವರ ಜಗತ್ತಿನಲ್ಲಿ ಇದ್ದಂತಿಲ್ಲ.

ಮೂರನೆಯದು ದೊಡ್ಡದು, ಹೆಚ್ಚುಕಡಿಮೆ ಮಕ್ಕಳ ಪಾಟಿಯಷ್ಟು. ಫೋಟೋ ತೆಗೆದ ಪುಟ ಇದ್ದ ಅಳತೆಯಲ್ಲೇ ಕೂತಿತು. ಜೊತೆಗೆ ಒಂದು ಪೆನ್ನು. ಅದರಿಂದ ತಟ್ಟಿದರೆ ಪುಟ ತಿರುಗುತ್ತದೆ. ಬಾಯಿಯವರು ಕಪ್ಪು ಕನ್ನಡಕ ತೆಗೆದರು. ಒಂದು ಸಾಲು ಓದಿದರು, ಇನ್ನೊಂದು ಓದಿದರು. ಧ್ವನಿ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯಲಾರೆ. ವ್ಯಾಪಾರ ಆಯಿತು ಎಂದು ನಾನು ಬಿಲ್ಲಿಗೆ ಕೈ ಹಾಕಿದೆ.

"ನೀರಾಗ ತೊಳಿಲಿಕ್ಕೆ ಬರ್ತದೇನು?"

"ಏನ್ರೀ?"

"ಕಿವಿ ಕೇಳಸಂಗಿಲ್ಲೇನು? ತೊಳಿಲಿಕ್ಕೆ ಬರ್ತದೇನಂದೆ. ದೇವರ ಮುಂದ ಮಡಿಲೇ ಕುಂತು ಓದೋದು. ನಿನ್ನ ಅಂಗಡ್ಯಾಗ ಎಷ್ಟು ಮಂದಿ ಕೈ ಹಚ್ಚ್ಯಾರೋ."

"ಹೊಸಾ ಡಬ್ಬಿ ಕೊಡ್ತೀನ್ರೀ. ಸೀಲ್ ಸೈತ ಒಡದಿಲ್ಲ."

"ಸೀಲ್ ಹಾಕಿದವ ಸ್ನಾನ ಮಾಡಿದ್ನೇನು?"

ಇದಕ್ಕೆ ಕಂಪನಿಯವರು ಯಾವ ಉತ್ತರವನ್ನೂ ಡಬ್ಬಿಯ ಮೇಲೆ ಮುದ್ರಿಸಿಲ್ಲ. ದೊಡ್ಡ ಯಂತ್ರಕ್ಕೆ ನೀರು ಬಿದ್ದರೆ ಸತ್ತಂತೆಯೇ ಎಂದೆ. ನೀರು ತಡೆಯುವುದು ಆ ಎರಡನೆಯದು, ಅಂಗೈಯಷ್ಟಿರುವ ಚಿಕ್ಕದು ಮಾತ್ರ. ಬಾಯಿಯವರು ನನ್ನ ಮಾತು ನಂಬಲಿಲ್ಲ. ಅಂಗಡಿಯ ಮುಂದೆಯೇ ಬಕೆಟ್ ತರಿಸಿ ಅದನ್ನು ಮುಳುಗಿಸಿ ತೋರಿಸಬೇಕಾಯಿತು. ಪಕ್ಕದ ಗಡಿಯಾರದ ಅಂಗಡಿಯ ಕುತುಬುದ್ದೀನ್ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಸಮೇತ ಹೊರಗೆ ಬಂದ.

"ಅರೇ ಅಮೋಘ ಭಾಯ್, ಕಿತಾಬಿಗಿ ಸ್ನಾನ ಮಾಡ್ಸಾಕತ್ತೀರೇನು? ಸಾಬೂನು ಬೇಕಾದ್ರ ನನ್ನ ಕಡಿ ಅದ!"

ಬಾಯಿಯವರು ಅವನ ಕಡೆ ತಿರುಗಿಯೂ ನೋಡಲಿಲ್ಲ. ನೀರಿನಿಂದ ತೆಗೆದ ಯಂತ್ರ ಬದುಕಿತ್ತು. "ಇದ ಕೊಡು," ಎಂದರು.

"ಬಾಯಾರ, ಇದರಾಗ ನಿಮ್ಮ ಅಕ್ಷರ ಇರಿವಿ ಸಾಲಿನಂಗ ಕಾಣ್ತಾವ. ಕೇಳ್ರಿ ಸ್ವಲ್ಪ."

"ದೊಡ್ಡದು ಮಾಡ್ಲಿಕ್ಕೆ ಬರ್ತದಲ್ಲ?"

"ಬರ್ತದ. ಆದ್ರ ಸಾಲು ಅರ್ಧಕ್ಕ ತುಂಡಾಗ್ತದ. ಅತ್ತಿತ್ತ ಜರಗಿಸಬೇಕಾಗ್ತದ."

"ತುಂಬಿದ ಕ್ಲಾಸಿನ ಹುಡುಗ್ಯಾರನ್ನ ಜರಗಿಸೀನಿ. ಒಂದು ಸಾಲು ಜರಗಿಸಲಿಕ್ಕೆ ಬರಂಗಿಲ್ಲೇನು ನನಗ? ಸ್ವಲ್ಪ ಬಿಟ್ಟು ಹಾಕು ರೇಟು."

ಅಂಗಡಿಯ ವಸ್ತುವಿಗೆ ಮೈಲಿಗೆ ಇರುತ್ತದೆ, ರಿಯಾಯಿತಿಗೆ ಇರುವುದಿಲ್ಲ. ಬಿಟ್ಟು ಹಾಕಿದೆ. ಹೇಳುವುದನ್ನು ಹೇಳಿದ್ದೆ; ಅದರ ಮೇಲೂ ಒತ್ತಾಯ ಮಾಡಿ ಸರಿಯಾದದ್ದನ್ನೇ ಮಾರುವುದು ವ್ಯಾಪಾರವಲ್ಲ, ಸಮಾಜಸೇವೆ.

ಚಾತುರ್ಮಾಸದ ಮೊದಲ ಓದಿನ ಮರುದಿನ ವೇದಶ್ರೀ ಫೋನ್ ಮಾಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಅತ್ತೆ ಯಂತ್ರವನ್ನು ತಂಬಿಗೆ ನೀರಿನಲ್ಲಿ ತೊಳೆದು ಹಾಗೆಯೇ ಹಸಿಯಾಗಿ ಹಿಡಿದು ಮಣೆಯ ಮೇಲೆ ಕೂತರಂತೆ. ಒರೆಸುವ ಬಟ್ಟೆಗೂ ಮಡಿ ಬೇಕಲ್ಲ! ಸಾಲು ಜರುಗಿಸುತ್ತ ಜರುಗಿಸುತ್ತ ತಡವರಿಸಿ ಓದುವಾಗ ಪರದೆಯ ಮೇಲಿನ ನೀರಿನ ಹನಿಗಳು ಒಂದೊಂದೇ ಇಳಿದವು. ಬೆರಳು ತಟ್ಟಿತೆಂದು ತಿಳಿದ ಯಂತ್ರ ಒಂದೊಂದು ಹನಿಗೂ ಪುಟ ತಿರುಗಿಸಿತು. ಒಂದು ಸಾಲಿನಲ್ಲಿ ರಾಜ ಮಕ್ಕಳಿಲ್ಲವೆಂದು ಕಾಡಿಗೆ ತಪಸ್ಸಿಗೆ ಹೊರಟಿದ್ದ. ಮರುಸಾಲಿನಲ್ಲಿ ಅವನ ಮೊಮ್ಮಗನ ನಾಮಕರಣ. ಇರುವೆ ಸಾಲು ಹುಡುಕುವ ಭರದಲ್ಲಿದ್ದ ಬಾಯಿಯವರಿಗೆ ಅದು ಗೊತ್ತೇ ಆಗಲಿಲ್ಲ, ನಾಮಕರಣವನ್ನು ರಾಗವಾಗಿ ಓದಿಬಿಟ್ಟರು.

"ವೈನಿ, ತಪಸ್ಸಿಗೆ ಹೋದವ ಭಾಳ ಲಗೂ ಬಂದ ಬಿಡ್ರಿ!" ಎಂದಳಂತೆ ಮಾಧವಿಬಾಯಿ. ಪಡಸಾಲೆಯ ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ಕೊನೆಗೆ ಹಿರಿಯರು ಸೇರಿ ತೀರ್ಮಾನಿಸಿದರು: ಬರುವ ಏಕಾದಶಿಯ ಮರುದಿನ ಬಾಯಿಯವರು ಒಂದು ಅಧ್ಯಾಯವನ್ನು ತಡವರಿಸದೆ ಓದಬೇಕು. ಆಗದಿದ್ದರೆ ಮಣೆ ಮಾಧವಿಬಾಯಿಯದು, ಈ ವರ್ಷಕ್ಕಲ್ಲ, ಮುಂದಕ್ಕೂ.

ಎರಡೇ ದಿನದಲ್ಲಿ ಚಿಕ್ಕ ಯಂತ್ರ ಹಿಡಿದು ಬಾಯಿಯವರು ನನ್ನ ಮುಂದೆ ನಿಂತಿದ್ದರು. ನಾನು ಅಂದುಕೊಂಡಂತೆಯೇ ತಪ್ಪು ನನ್ನದಾಗಿತ್ತು.

"ಇಂಥಾದ್ದು ಯಾಕ ಕೊಟ್ಟಿ?"

"ನೀವ ಕೇಳಿದ್ರೆಲ್ಲ ರೀ."

"ಕೇಳಿದವ್ರಿಗೆಲ್ಲ ಕೊಡ್ತೀಯೇನು? ನಾಳೆ ವಿಷಾ ಕೇಳಿದ್ರ?"

ದೊಡ್ಡದನ್ನು ಮುಂದಿಟ್ಟೆ. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ. ಆ ಮುಖದಲ್ಲಿ ಅಂದು ಮೊದಲ ಸಲ ಜಂಬ ಇರಲಿಲ್ಲ. ಚಿಕ್ಕದಕ್ಕೆ ಮಡಿ ಉಂಟು, ಓದಲು ಬಾರದು. ದೊಡ್ಡದರಲ್ಲಿ ಓದಬಹುದು, ತೊಳೆದರೆ ಸಾಯುತ್ತದೆ. ನಾನು ಕುತೂಹಲದಿಂದ ಕಾದೆ. ಶಾಸ್ತ್ರದ ಕೋಟೆಯಲ್ಲಿ ಕೂತವರಿಗೆ ಕೋಟೆಯ ಹಿಂಬಾಗಿಲು ಎಲ್ಲಿದೆಯೆಂದು ಗೊತ್ತಿದ್ದೇ ಇರುತ್ತದೆ.

"ನಿಮ್ಮೂರು ಗಬ್ಬೂರಲ್ಲ?" ಎಂದರು ತಟ್ಟನೆ. ಊರಿನ ಹೆಸರು ಅಂಗಡಿಯ ಬೋರ್ಡಿನ ಮೇಲೇ ಇದೆ.

"ಹೌದ್ರೀ."

"ಕುರಿ ಕಾಯೋ ಮಂದಿ. ನಿಮ್ಮ ಮನ್ಯಾಗ ಉಣ್ಣಿ ನೂಲ್ತಾರೇನು ಈಗ?"

"ಅವ್ವ ನೂಲ್ತಿದ್ಲು. ಯಾಕ್ರೀ?"

"ಉಣ್ಣಿಗೆ ಮೈಲಿಗಿ ಇಲ್ಲ," ಎಂದರು ಬಾಯಿಯವರು, ಕರಿಹಲಗೆಯ ಮೇಲೆ ಲೆಕ್ಕದ ಕೊನೆಯ ಸಾಲು ಬರೆದವರಂತೆ. "ಮಡಿ ಒಣಗದಿದ್ರ ನಾವು ಉಣ್ಣಿ ಧಾಬಳಿ ಉಟ್ಟ ಅಡಿಗಿ ಮಾಡ್ತೀವಿ. ಇದಕ್ಕ ಉಣ್ಣಿದೊಂದು ಚೀಲ ಹೊಲಿಸು. ಪರದಿ ಅಷ್ಟ ಕಾಣೋಹಂಗ ಕಿಡಕಿ ಬಿಡು. ಪೆನ್ನು ನಾ ನೀರಾಗ ತೊಳ್ಕೋತೀನಿ. ಪೆನ್ನಿಗೆ ಕರೆಂಟ್ ಇಲ್ಲಲ್ಲ?"

ಇರಲಿಲ್ಲ. ಹಾಳು ಪೆನ್ನಿಗೆ ಬ್ಯಾಟರಿಯೂ ಇರಲಿಲ್ಲ. ಹೊರಗಿನದು ಮಡಿಯಾದರೆ ಒಳಗಿನದನ್ನು ಕೇಳಬಾರದು ಎಂಬ ಈ ನಿಯಮ ನನಗೇನು ಹೊಸದಲ್ಲ. ನಾವು ಅದಕ್ಕೆ ಪ್ಯಾಕಿಂಗ್ ಎನ್ನುತ್ತೇವೆ.

ಅವ್ವ, ಬೂದೆಮ್ಮ, ಅಂಗಡಿಯ ಮೇಲಿನ ಮನೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಗಬ್ಬೂರಿನಿಂದ ಬರುವಾಗ ಬೇಡವೆಂದರೂ ರಾಟೆ ಕಟ್ಟಿಕೊಂಡು ಬಂದಿದ್ದಳು. ಮೇಲೆ ಕರೆದುಕೊಂಡು ಹೋದರೆ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಸಂತೆಯಲ್ಲಿ ಎಮ್ಮೆ ನೋಡುವಂತೆ ನೋಡಿದರು.

"ಯವ್ವಾ, ಲೆಕ್ಕದ ಟೀಚರಲ್ಲೇನ್ರೀ ನೀವು? ಗಬ್ಬೂರು ಸಾಲಿಗಿ ಬಸ್ಸಿನಾಗ ಬರ್ತಿದ್ರಿ. ನನ್ನ ತಂಗಿ ಮಗಳ ಕಿವಿ ಹಿಂಡಿದ್ರಿ!"

"ಕಲ್ತಳೋ ಇಲ್ಲೋ?"

"ಎಲ್ಲಿ ಕಲ್ತಾಳ್ರೀ. ಕಿವಿ ಉದ್ದಾತು, ಅಷ್ಟ."

ಬಾಯಿಯವರು ನಗಲಿಲ್ಲ. ಯಂತ್ರದ ಅಳತೆ ಹೇಳಿದರು, ಕಿಟಕಿ ಎಷ್ಟಿರಬೇಕೆಂದು ಬೆರಳಿನಿಂದ ಗಾಳಿಯಲ್ಲಿ ಬರೆದರು. ಹತ್ತಿಯ ದಾರ ಒಂದೆಳೆಯೂ ಕೂಡಬಾರದು, ಹೊಲಿಗೆಯೂ ಉಣ್ಣೆಯ ನೂಲಿನದೇ ಆಗಬೇಕು ಎಂದರು. ಅವ್ವ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಎಲ್ಲ ಕೇಳಿದಳು.

"ನಾ ನೂತದ್ದು, ನಾ ಹೊಲ್ದದ್ದು. ನಿಮ್ಮ ದೇವರ ಮುಂದ ನಡಿತದೇನ್ರೀ?"

"ಉಣ್ಣಿಗೆ ಮೈಲಿಗಿ ಇಲ್ಲ ಅಂತ ಹೇಳ್ಲಿಲ್ಲೇನು?"

"ಹಂಗಾರ ನಾನೂ ಒಂದು ಕಂಬಳಿ ಹೊದ್ಕೊಂಡು ಬರ್ತೀನಿ. ಒಳಗ ಬಿಡ್ತೀರೇನ್ರೀ?"

ನಾನು ಗೋಡೆಯ ಕಡೆ ಮುಖ ಮಾಡಿದೆ. ಬಾಯಿಯವರು ಚೀಲದಿಂದ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದರು. "ಮೊದಲು ಹೊಲಿಗಿ ನೆಟ್ಟಗ ಹಾಕು," ಎಂದು ಮೆಟ್ಟಿಲಿಳಿದು ಹೋದರು.

ಏಕಾದಶಿಯ ಮರುದಿನ ನಾನೂ ಮಾನ್ವಿಗೆ ಹೋಗಬೇಕಾಯಿತು. ಯಂತ್ರ ನಡುವೆ ನಿಂತರೆ ಮಾರಿದವನು ಎದುರಿಗಿರಬೇಕು ಎಂಬುದು ಬಾಯಿಯವರ ಗ್ಯಾರಂಟಿಯ ಕರಾರು. ಅವ್ವ ಕಾರಿನಲ್ಲಿ ಮೊದಲೇ ಕೂತಿದ್ದಳು. ಆಷಾಢದ ಆ ಕುದಿಯಲ್ಲಿ, ಮಳೆಯ ಸುಳಿವಿಲ್ಲದ ದಿನ, ಮೈತುಂಬ ಕರಿಯ ಕಂಬಳಿ.

"ತಗಿಯವ್ವಾ ಅದನ್ನ, ಬೆವತು ಸಾಯ್ತಿ."

"ಸುಮ್ನ ಗಾಡಿ ಹೊಡಿ ಲೇ ಅಮೋಘ್ಯಾ. ನನ್ನ ಉಣ್ಣಿ ಎಲ್ಲಿ ಕುಂದ್ರತದ ನೋಡಿ ಬರ್ತೀನಿ."

ಆ ಓಣಿಯ ಬೇರೆ ಮನೆಗಳಿಗೆ ನಾನು ಟಿವಿ ಇಳಿಸಿದ್ದೇನೆ, ಇನ್ವರ್ಟರ್ ಇಳಿಸಿದ್ದೇನೆ. ಎರಡನ್ನೂ ಹೊರಗಿನ ಕಟ್ಟೆಯ ಮೇಲೆ ಇಳಿಸಿ ಬಂದಿದ್ದೇನೆ. ನಮ್ಮಂಥವರು ಬಂದರೆ, "ಅಲ್ಲೇ ಕುಂದರ್ರಿ, ಗಾಳಿ ಚೊಲೋ ಬರ್ತದ," ಎನ್ನುತ್ತಾರೆ. ಗಾಳಿ ಎಲ್ಲಿ ಚೆನ್ನಾಗಿ ಬರುತ್ತದೆ ಎಂಬುದು ಆ ಓಣಿಯವರಿಗೆ ತಲೆಮಾರುಗಳಿಂದ ಗೊತ್ತಿದೆ. ನಾನು ರೂಢಿಯಂತೆ ಗಾಳಿಗೆ ಕೂತೆ. ಅವ್ವ ಕೂರಲಿಲ್ಲ, ಹೊಸ್ತಿಲ ಹೊರಗೆ ನಿಂತಳು.

ಒಳಗೆ ಪಡಸಾಲೆ ತುಂಬಿತ್ತು. ಬಾಯಿಯವರು ಮಣೆಯ ಮೇಲೆ, ಮುಂದಿನ ವ್ಯಾಸಪೀಠದ ಮೇಲೆ ಉಣ್ಣೆಯ ಚೌಕಟ್ಟಿನೊಳಗೆ ಯಂತ್ರ, ಕೈಯಲ್ಲಿ ತೊಳೆದ ಪೆನ್ನು. ಓದು ಇನ್ನೇನು ಶುರುವಾಗಬೇಕು. ಮಾಧವಿಬಾಯಿ ಚೀಲದ ಮೇಲೆ ಕಣ್ಣಿಟ್ಟಳು.

"ವೈನಿ, ಇದೇನಿದು ಸಂತಿ ಕಂಬಳಿ? ಯಾರು ನೇಯ್ದದ್ದು, ಯಾರು ಹೊಲ್ದದ್ದು?"

"ಉಣ್ಣಿ ಅದು. ಉಣ್ಣಿಗೆ ಮೈಲಿಗಿ ಇಲ್ಲ. ನೀ ಧಾಬಳಿ ಉಟ್ಟ ಅಡಿಗಿ ಮಾಡ್ತಿಯಲ್ಲ, ಅದನ್ನೇನು ನಿಮ್ಮಪ್ಪ ಕುಂತು ನೇಯ್ದಿದ್ನೇನು?"

ಹೆಂಗಸರು ನಕ್ಕರು. ಮಾಧವಿಬಾಯಿ ಕೆಂಪಾದಳು. ಸುತ್ತ ನೋಡಿದಳು. ಹೊಸ್ತಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ ಅವ್ವ ಕಣ್ಣಿಗೆ ಬಿದ್ದಳು. ಆಗ ಮಾಧವಿಬಾಯಿಯ ಮುಖದಲ್ಲಿ ಬಂದ ಸಂತೋಷವನ್ನು ಟೆಂಡರ್ ಗೆದ್ದ ಗುತ್ತೇದಾರರ ಮುಖದಲ್ಲಿ ಮಾತ್ರ ನೋಡಿದ್ದೇನೆ.

"ಹೌದ ವೈನಿ, ಖರೇ ಮಾತು. ಹಂಗಾದ್ರ ಅಲ್ಲಿ ಕಂಬಳಿ ಹೊದ್ದು ನಿಂತಾಳ ನೋಡ್ರಿ, ಆಕಿನ್ನೂ ಒಳಗ ಕರ್ಕೋರಿ. ಯಂತ್ರಕ್ಕೊಂದು ಶಾಸ್ತ್ರ, ಮನಷ್ಯಾಗೊಂದು ಶಾಸ್ತ್ರ ಇರಂಗಿಲ್ಲಲ್ಲ?"

ಎಲ್ಲರ ಕುತ್ತಿಗೆಗಳೂ ಹೊಸ್ತಿಲಿನ ಕಡೆ ಒಮ್ಮೆ, ಮಣೆಯ ಕಡೆ ಒಮ್ಮೆ ತಿರುಗಿದವು. ಲೆಕ್ಕ ಸಲೀಸಾಗಿತ್ತು. ಅವ್ವನನ್ನು ಹೊರಗೇ ನಿಲ್ಲಿಸಿದರೆ ಉಣ್ಣೆಯ ಶಾಸ್ತ್ರ ಬಿತ್ತು, ಶಾಸ್ತ್ರ ಬಿದ್ದರೆ ಯಂತ್ರ ಮೈಲಿಗೆ, ಯಂತ್ರ ಹೋದರೆ ಮಣೆ ಹೋಯಿತು. ಅವ್ವ ಹಣೆಯ ಬೆವರನ್ನು ಕಂಬಳಿಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದಳು. ಬಾಯಿಯವರು ಅವಳನ್ನು ನೋಡಿದರು, ಪರದೆಯನ್ನು ನೋಡಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಗಣಿತದ ಟೀಚರು.

"ಬಾ ಬೂದೆಮ್ಮ, ಒಳಗ ಬಾ," ಎಂದರು. "ಅಲ್ಲಿ ಕಂಬದ ಕಡಿ ಕುಂದರು. ಮಾಧವೀ, ಸ್ವಲ್ಪ ಸರಿ, ಆಕಿಗೆ ಜಾಗಾ ಮಾಡು."

ಮಾಧವಿಬಾಯಿ ಸರಿದಳು. ತಾನೇ ತೋಡಿದ ಕುಣಿಗೆ ತಾನೇ ಮೆಟ್ಟಿಲು ಕಟ್ಟಿಕೊಟ್ಟವಳು ಇನ್ನೇನು ಮಾಡಿಯಾಳು? ಅವ್ವ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ಕಂಬಕ್ಕೆ ಒರಗಿ ಕೂತಳು. ಬಾಯಿಯವರು ಓದಿದರು. ಕಾಡಿಗೆ ಹೋದ ರಾಜ ಈ ಸಲ ಕಾಡಿನಲ್ಲೇ ಉಳಿದ, ಅವನ ಹಸಿವು ನಿದ್ದೆ ಚಳಿ ಎಲ್ಲವೂ ಸಾವಕಾಶವಾಗಿ ಬಂದವು. ಪೆನ್ನು ತಟ್ಟಿದಾಗಷ್ಟೇ ಪುಟ ತಿರುಗಿತು. ಒಂದು ಕಡೆಯೂ ತಡವರಿಸಲಿಲ್ಲ. ಅಧ್ಯಾಯ ಮುಗಿದಾಗ ಹಿರಿಯ ಹೆಂಗಸೊಬ್ಬರು, "ಓದು ನಿಂದ ಬಿಡವಾ," ಎಂದರು. ಬಾಯಿಯವರು ಕೇಳಿಸದವರಂತೆ ಯಂತ್ರ ಆರಿಸಿದರು. ಹೊರಡುವಾಗ ಅವ್ವನಿಗೆ ಹೇಳಿದ ಮಾತು, "ಎಡಗಡಿ ಹೊಲಿಗಿ ಸೊಟ್ಟ ಹಾಕೀದಿ."

"ನಾಳಿ ಬಂದು ಬಿಚ್ಚಿ ಹಾಕ್ತೀನ್ರೀ," ಎಂದಳು ಅವ್ವ. "ರಾಜಾ ಮುಂದೇನಾದ, ಅದನ್ನ ಕೇಳಬೇಕಲ್ಲ."

ಅಂದಿನಿಂದ ಅವ್ವ ಮಾನ್ವಿಯ ಬಸ್ಸು ಹತ್ತುತ್ತಾಳೆ. ಕಂಬಳಿಯನ್ನು ಹೊಸ್ತಿಲ ಹತ್ತಿರ ಹೊದೆಯುತ್ತಾಳೆ, ಕಂಬದ ಹತ್ತಿರ ಕೂರುತ್ತಾಳೆ. ಸಂಜೆ ಬಂದು ನನಗೆ ರಾಜನ ಸುದ್ದಿ ಹೇಳುತ್ತಾಳೆ. ಕಂಬಳಿ ಇಲ್ಲದೆ ಬಾ ಎಂದು ಅಲ್ಲಿ ಯಾರೂ ಇನ್ನೂ ಅಂದಿಲ್ಲ. ಅನ್ನುವುದೂ ಇಲ್ಲ, ಆ ಮಂದಿಯ ತೂಕ ನನಗೆ ಗೊತ್ತು.

ಬಾಯಿಯವರ ಮನಸ್ಸು ದೊಡ್ಡದಾಗಿ ನನ್ನವ್ವನನ್ನು ಒಳಗೆ ಕರೆದರು ಎಂದು ನಾನು ಬರೆದರೆ ಅವರೇ ಕೆಂಪು ಶಾಯಿಯಲ್ಲಿ ತಪ್ಪು ಹಾಕುತ್ತಾರೆ. ಮಣೆ ಉಳಿಸಿಕೊಳ್ಳಲು ಕರೆದರು. ಆದರೆ ಕೊಟ್ಟವರ ಮನಸ್ಸು ನೋಡಿ ಬಾಕಿ ಕಡಿಮೆ ಮಾಡುವ ಪದ್ಧತಿ ಬಜಾರಿನಲ್ಲಿ ಇಲ್ಲ. ನಮ್ಮ ವಂಶದಲ್ಲಿ ಆ ಓಣಿಯ ಹೊಸ್ತಿಲು ದಾಟಿ ಒಳಗೆ ಕೂತು ಕಥೆ ಕೇಳಿದ ಮೊದಲನೆಯವಳು ನನ್ನವ್ವ. ಆ ಜಾಗಕ್ಕೆ ನಾನು ಸತ್ಯಭಾಮಾಬಾಯಿಯವರಿಗೆ ಋಣಿ.